ಸೋಲಾರ್ ಹಾಕಿಸಿದರೆ ಮನೆಯ ಮಾಲಿನ್ಯ ಸೊನ್ನೆಯಾಗುತ್ತದೆಯೇ?

ಛಾವಣಿಗೆ ಸೋಲಾರ್ ಹಾಕಿಸಿದರೆ ಮನೆಯಿಂದ ಮಾಲಿನ್ಯವೇ ಇಲ್ಲ ಎಂಬ ಅರ್ಥದ ಸಂದೇಶಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಇದು ಅರ್ಧ ಸತ್ಯ. ಸೋಲಾರ್ ಒಳ್ಳೆಯದೇ, ಆದರೆ ಅದು ಗೃಹಪ್ರವೇಶದ ನಂತರದ ಲೆಕ್ಕ. ಸಿಮೆಂಟ್, ಕಬ್ಬಿಣ, ಇಟ್ಟಿಗೆ ತಯಾರಾಗುವಾಗ ಮತ್ತು ಕೊನೆಗೆ ಕಟ್ಟಡ ಕೆಡವುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಸೇರಿಲ್ಲ.

ಗಂಗಾವತಿ ತಾಲ್ಲೂಕಿನ ಸಾಣಾಪುರದಂಥ ಪ್ರವಾಸಿ ಊರುಗಳಲ್ಲಿ ಮನೆ, ಹೋಂಸ್ಟೇ ಕಟ್ಟುವವರು ಹೆಚ್ಚಾಗಿ ಸಣ್ಣ ಗುತ್ತಿಗೆದಾರರು ಮತ್ತು ಗೌಂಡಿಗಳು. ಈ ಲೆಕ್ಕದ ದೊಡ್ಡ ಪಾಲು ಇರುವುದು ಅವರ ಕೈಯಲ್ಲೇ.

ಸಿಮೆಂಟ್ ಚೀಲದ ಲೆಕ್ಕ

ಶುದ್ಧ ಸುಣ್ಣದಕಲ್ಲು 100 ಕೆ.ಜಿ. ಸುಟ್ಟರೆ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಇದರ ಮೇಲೆ ಕುಲುಮೆಗೆ ಉರಿಸುವ ಕಲ್ಲಿದ್ದಲಿನ ಹೊಗೆ ಬೇರೆ. ಹೀಗಾಗಿ 50 ಕೆ.ಜಿ.ಯ ಒಂದು ಓಪಿಸಿ ಚೀಲದ ಹಿಂದೆ ಸುಮಾರು 40 ಕೆ.ಜಿ. ಅನಿಲವಿದೆ. 400 ಚೀಲ ಬಳಸಿದರೆ 16 ಟನ್!

ಪಿಪಿಸಿ ಕಳಪೆಯೇ?

ಅಲ್ಲ. ಪಿಪಿಸಿಯಲ್ಲಿ ವಿದ್ಯುತ್ ಸ್ಥಾವರಗಳ ಹಾರುಬೂದಿ ಶೇ 15ರಿಂದ 35ರಷ್ಟು ಇರಬಹುದೆಂದು ಭಾರತೀಯ ಮಾನಕವೇ ಹೇಳುತ್ತದೆ. ಸುಟ್ಟ ಸುಣ್ಣದಕಲ್ಲಿನ ಪಾಲು ಕಡಿಮೆಯಾದಷ್ಟೂ ಅನಿಲವೂ ಕಡಿಮೆ. ಕಾಲು ಭಾಗ ಉಳಿದರೂ ಆ 400 ಚೀಲದಲ್ಲಿ 4 ಟನ್ ಉಳಿತಾಯ. ಆದರೆ ಇದು ನಿಧಾನವಾಗಿ ಗಟ್ಟಿಯಾಗುತ್ತದೆ. ಕನಿಷ್ಠ 10 ದಿನ ಕ್ಯೂರಿಂಗ್ ಬೇಕು. ಸೆಂಟ್ರಿಂಗ್ ಬಿಚ್ಚಲು ಅವಸರ ಬೇಡ. ಕೊಪ್ಪಳದ ಬಿಸಿಲಿನಲ್ಲಿ ಕ್ಯೂರಿಂಗ್ ತಪ್ಪಿಸಿ, "ಸಿಮೆಂಟೇ ಸರಿಯಿಲ್ಲ" ಎನ್ನುವುದು ನ್ಯಾಯವಲ್ಲ. ಕಾಂಕ್ರೀಟ್‌ಗೆ ನೀರು ಹೆಚ್ಚು ಸುರಿದು, ಅದನ್ನು ಸರಿದೂಗಿಸಲು ಇನ್ನೊಂದು ಚೀಲ ಹಾಕುವ ಅಭ್ಯಾಸವೂ ಬಿಡಬೇಕು.

ಗೋಡೆಗೆ ಏನು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುವ ಬ್ಲಾಕ್‌ಗಳನ್ನು ರೂಢಿಗೆ ತಂದಿತು. ಇವನ್ನು ಭಟ್ಟಿಯಲ್ಲಿ ಸುಡುವುದಿಲ್ಲ. ಆದ್ದರಿಂದ ಸುಟ್ಟ ಇಟ್ಟಿಗೆಗಿಂತ ಬಹಳ ಕಡಿಮೆ ಇಂಧನ ಸಾಕು. ಹತ್ತಿರದಲ್ಲೇ ಸಿಗುವ ಕಲ್ಲೂ ಒಳ್ಳೆಯದು. ಹಾಗೆಂದು ಸಾಣಾಪುರದ ಗುಂಡುಕಲ್ಲುಗಳನ್ನು ಒಡೆಯುವಂತಿಲ್ಲ, ಪರವಾನಗಿ ಇರುವ ಕ್ವಾರಿಯಿಂದಲೇ ತರಬೇಕು.

ಕೆಡವಿದರೆ ಎಲ್ಲವೂ ನಷ್ಟ

ಪಕ್ಕದ ವಿರೂಪಾಪುರ ಗಡ್ಡೆ ನೆನಪಿರಲಿ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಅಲ್ಲಿನ ಅಕ್ರಮ ರೆಸಾರ್ಟ್‌ಗಳನ್ನು ಕೆಡವಲಾಯಿತು. ಹಣದ ಜೊತೆ ಆ ಕಟ್ಟಡಗಳಿಗಾಗಿ ಸುಟ್ಟ ಇಂಧನವೂ ಮಣ್ಣುಪಾಲು. 50 ವರ್ಷ ನಿಲ್ಲಬೇಕಾದ ಕಟ್ಟಡ 10 ವರ್ಷಕ್ಕೇ ಬಿದ್ದರೆ ವರ್ಷದ ಲೆಕ್ಕದಲ್ಲಿ ಅದರ ಹೊರೆ ಐದು ಪಟ್ಟು. ಆದ್ದರಿಂದ ಪಾಯ ತೋಡುವ ಮೊದಲೇ ಹಂಪಿ ಪ್ರಾಧಿಕಾರದ ಅನುಮತಿ ವಿಚಾರಿಸುವುದೂ ಪರಿಸರದ ಕೆಲಸವೇ. ಹಳೆಯ ಮನೆ ಗಟ್ಟಿಯಿದ್ದರೆ ದುರಸ್ತಿ ಮಾಡಿಸಿ. ಕೆಡವಲೇಬೇಕಾದರೆ ಬಾಗಿಲು, ತೊಲೆ, ಕಲ್ಲು ಎತ್ತಿಟ್ಟುಕೊಳ್ಳಿ.

ಸೋಲಾರ್ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ ಎಂದು ನಾವು ಹೇಳುತ್ತಿಲ್ಲ. ಅದರ ಜೊತೆ ಒಂದು ಸಾಲು ಸೇರಿಸಿ: ಮನೆಯ ಮಾಲಿನ್ಯ ಕರೆಂಟ್ ಬಿಲ್ಲಿನಿಂದ ಅಲ್ಲ, ಮೊದಲ ಸಿಮೆಂಟ್ ಚೀಲದಿಂದಲೇ ಶುರುವಾಗುತ್ತದೆ.