ವೇದಿಕೆಯ ಮೇಲಿನ ಕುರ್ಚಿಗಳು



ಊರಿನ ಸಂಘವೊಂದರ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯನ್ನು ನೀವು ಎಂದಾದರೂ ಮೇಲಿನಿಂದ ಕೆಳಗಿನವರೆಗೆ ಸಮಾಧಾನವಾಗಿ ಓದಿದ್ದೀರಾ? ಮೊದಲು ದಿವ್ಯ ಸಾನ್ನಿಧ್ಯ, ಆಮೇಲೆ ಸಮ್ಮುಖ, ಅಧ್ಯಕ್ಷತೆ, ಉದ್ಘಾಟನೆ, ಜ್ಯೋತಿ ಬೆಳಗಿಸುವವರು, ಭಾವಚಿತ್ರಕ್ಕೆ ಪುಷ್ಪಾರ್ಪಣೆ ಮಾಡುವವರು, ಮುಖ್ಯ ಅತಿಥಿಗಳು, ವಿಶೇಷ ಆಮಂತ್ರಿತರು, ಗೌರವ ಉಪಸ್ಥಿತಿ, ಸನ್ಮಾನಿತರು. ಇಷ್ಟೆಲ್ಲ ಮುಗಿದ ಮೇಲೆ ಕಾಗದದ ತಳದಲ್ಲಿ, ಮುದ್ರಣಾಲಯದ ಹೆಸರಿಗಿಂತ ಒಂದಿಷ್ಟೇ ದೊಡ್ಡ ಅಕ್ಷರಗಳಲ್ಲಿ, ‘ನಂತರ ಸಾಂಸ್ಕೃತಿಕ ಕಾರ್ಯಕ್ರಮ’ ಎಂಬ ಒಂದು ಸಾಲು. ಹಾಡುವವರು ಯಾರು, ನಾಟಕ ಯಾವುದು, ಉಪನ್ಯಾಸದ ವಿಷಯವೇನು ಎಂಬುದು ಅನೇಕ ಸಲ ಅದರಲ್ಲಿ ಇರುವುದೇ ಇಲ್ಲ.

ಇದು ಮುದ್ರಣದ ದೋಷವಲ್ಲ, ನಮ್ಮ ಮನಸ್ಸಿನ ದೋಷವೆಂದು ನನ್ನ ಅಭಿಪ್ರಾಯ. ಒಂದು ಸಂಘದ ವೇದಿಕೆ ಇರುವುದು ಎದುರಿಗೆ ಕುಳಿತವನಿಗೆ ಏನನ್ನಾದರೂ ಕೊಡುವುದಕ್ಕಾಗಿ. ಒಂದು ತಿಳಿವಳಿಕೆ, ಒಂದು ಹಾಡು, ಹೋಗಲಿ ಒಂದು ನಗೆ. ಈಗಿನ ದಿನಗಳಲ್ಲಿ ಅದು ತಿರುಗುಮುರುಗಾಗಿದೆ. ಎದುರಿಗೆ ಕುಳಿತವನೇ ವೇದಿಕೆಗೆ ಕೊಡಬೇಕು. ತನ್ನ ಸಮಯವನ್ನು, ಚಪ್ಪಾಳೆಯನ್ನು, ತಾಳ್ಮೆಯನ್ನು. ಅತಿಥಿ ಬರುವುದು ಹೇಳುವುದಕ್ಕಲ್ಲ, ಹೇಳಿಸಿಕೊಳ್ಳುವುದಕ್ಕೆ ಎಂಬಂತಾಗಿದೆ.

ಕುಕನೂರಿನಂಥ ಊರಿನವರಿಗೆ ಈ ವಿಷಯ ಸಣ್ಣದೆಂದು ತೋರಬಾರದು. ನಮ್ಮ ಸೀಮೆ 1948ರ ಸೆಪ್ಟೆಂಬರ್ 17ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. 1929ರಲ್ಲಿ ಹೊರಟ ‘ಗಸ್ತಿ 53’ ಎಂಬ ಸುತ್ತೋಲೆಯ ಪ್ರಕಾರ ಸಾರ್ವಜನಿಕ ಸಭೆ ನಡೆಸಬೇಕಾದರೆ ಸರ್ಕಾರದ ಅನುಮತಿ ಮೊದಲೇ ಬೇಕಾಗಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗಿನಲ್ಲಿ ಜನ ಸೇರಿ ಒಬ್ಬ ವಿದ್ವಾಂಸನ ಮಾತು ಕೇಳುವುದು ಸಹಜ ಸಂಗತಿಯಾಗಿದ್ದರೆ, ಗಡಿಯ ಈಚೆಗಿನ ನಮ್ಮ ಹಿರಿಯರಿಗೆ ಅದೊಂದು ಅರ್ಜಿಯ ವಿಷಯ. ಆಡಳಿತದ ಭಾಷೆ ಉರ್ದು. ಕನ್ನಡದಲ್ಲಿ ಒಂದು ಒಳ್ಳೆಯ ಮಾತು ಕಿವಿಗೆ ಬೀಳಬೇಕಾದರೆ ಮಠವೋ ಪುರಾಣವೋ ಭಜನೆಯೋ ಗಣೇಶನ ಹಬ್ಬವೋ ಆಸರೆಯಾಗಬೇಕಿತ್ತು. ನಿಜಾಮರ ಕಾಲದಲ್ಲಿಯೇ ಆರಂಭವಾದ ನಮ್ಮೂರ ವಿದ್ಯಾನಂದ ಗುರುಕುಲದಂಥ ಸಂಸ್ಥೆಗಳ ಬೆಲೆ ತಿಳಿಯಬೇಕಾದರೆ ಈ ಹಿನ್ನೆಲೆಯನ್ನು ನೆನೆಯಬೇಕು. ಸೇರುವ ಹಕ್ಕು, ಮಾತನಾಡುವ ಹಕ್ಕು, ಕೇಳುವ ಹಕ್ಕು ನಮಗೆ ದೇಶದ ಉಳಿದವರಿಗಿಂತ ಹದಿಮೂರು ತಿಂಗಳು ತಡವಾಗಿ ಬಂದವು. ಅಷ್ಟು ಕಾದು ಪಡೆದ ವೇದಿಕೆಯನ್ನು ನಾವು ಹಾರ ತುರಾಯಿಗಳಿಂದ ತುಂಬಿಸುತ್ತಿದ್ದೇವೆ.

ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಊರಿನ ಹೆಸರು ಬೇಡ, ಸಂಘದ ಹೆಸರೂ ಬೇಡ. ಕಡಲೆ ಬೆಳೆಯ ಸೊರಗು ರೋಗದ ಬಗ್ಗೆ ಮಾತನಾಡಲು ಒಬ್ಬ ಕೃಷಿ ವಿಜ್ಞಾನಿಯನ್ನು ಕರೆಸಿದ್ದರು. ನಮ್ಮದು ಎರೆಭೂಮಿ, ಮಳೆ ನಂಬಿದ ಒಕ್ಕಲುತನ. ಹಿಂಗಾರಿಗೆ ಜೋಳ, ಕಡಲೆಯೇ ಗತಿ. ಆದ್ದರಿಂದ ಸುತ್ತಲಿನ ಹಳ್ಳಿಗಳಿಂದ ರೈತರು ಬಂದು ಕುಳಿತಿದ್ದರು. ಸ್ವಾಗತ, ಪ್ರಾಸ್ತಾವಿಕ, ಒಬ್ಬೊಬ್ಬರ ಪರಿಚಯ, ಒಬ್ಬೊಬ್ಬರಿಗೂ ಮಾಲೆ, ನಾಲ್ವರಿಗೆ ಸನ್ಮಾನ, ಸನ್ಮಾನಿತರ ಉತ್ತರ ಎಲ್ಲ ಮುಗಿಯುವ ಹೊತ್ತಿಗೆ ಎರಡು ತಾಸು ಕಳೆದಿತ್ತು. ವಿಜ್ಞಾನಿಗಳು ಮೈಕಿನ ಮುಂದೆ ನಿಂತಾಗ ನಿರೂಪಕರು ಬಂದು ‘ಸಮಯದ ಅಭಾವವಿರುವುದರಿಂದ ಸಂಕ್ಷಿಪ್ತವಾಗಿ’ ಎಂದು ಕಿವಿಯಲ್ಲಿ ಹೇಳಿದರು. ಆ ಸಜ್ಜನರು ಹತ್ತು ನಿಮಿಷದಲ್ಲಿ ಮುಗಿಸಿ ಕುಳಿತರು. ಸಭೆ ಮುಗಿದ ಮೇಲೆ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಏಳೆಂಟು ರೈತರು ಅವರನ್ನು ಸುತ್ತುವರಿದು, ಬೀಜ ಹೇಗೆ ಉಪಚರಿಸಬೇಕು, ಒಂದೇ ಹೊಲದಲ್ಲಿ ವರ್ಷ ವರ್ಷವೂ ಕಡಲೆ ಹಾಕಿದರೆ ರೋಗ ಏಕೆ ಹೆಚ್ಚುತ್ತದೆ, ಬಾಡಿದ ಗಿಡವನ್ನು ಹೊಲದಲ್ಲಿಯೇ ಬಿಡಬೇಕೋ ಕಿತ್ತು ಸುಡಬೇಕೋ ಎಂದು ಒಂದು ತಾಸು ಕೇಳಿದರು. ನಿಜವಾದ ಉಪನ್ಯಾಸ ನಡೆದದ್ದು ಅಲ್ಲಿ. ಆದರೆ ಶಾಮಿಯಾನದ ಕೆಳಗಿದ್ದ ಉಳಿದ ಇನ್ನೂರು ಮಂದಿಗೆ ಅದು ದಕ್ಕಲಿಲ್ಲ.

ಉಪನ್ಯಾಸಕರ ಪಾಡು ಇದಾದರೆ ಕಲಾವಿದರ ಪಾಡು ಇದಕ್ಕಿಂತ ಕಷ್ಟದ್ದು.

ಹಿಂದೆ ಕಲಾವಿದರನ್ನು ಕರೆಯುವುದಕ್ಕೆ ನಮ್ಮಲ್ಲಿ ಒಂದು ಶಿಸ್ತು ಇತ್ತು. ವೀಳ್ಯ ಕೊಡುವುದು ಎನ್ನುತ್ತಿದ್ದರು. ಎಲೆ ಅಡಿಕೆಯ ಜೊತೆಗೆ ಮುಂಗಡ ಹಣವನ್ನಿಟ್ಟು ಕೊಟ್ಟರೆ ಮಾತು ಆದಂತೆ. ಕೊಟ್ಟವನೂ ತಪ್ಪುವಂತಿಲ್ಲ, ಹಿಡಿದವನೂ ತಪ್ಪುವಂತಿಲ್ಲ. ಊರಿನ ಹುಡುಗರು ಜಾತ್ರೆಗೆ ನಾಟಕ ಕಟ್ಟುವಾಗ ಪಾತ್ರಕ್ಕೆ ಇಷ್ಟೆಂದು ಪಟ್ಟಿ ಹಾಕಿಕೊಂಡು, ಹಾರ್ಮೋನಿಯಂ ಮಾಸ್ತರರನ್ನು ಗೊತ್ತುಮಾಡಿ, ಪರದೆಗಳನ್ನು ಬಾಡಿಗೆಗೆ ತಂದು, ಸ್ತ್ರೀ ಪಾತ್ರಕ್ಕೆ ವೃತ್ತಿ ಕಂಪನಿಯ ನಟಿಯರಿಗೆ ವೀಳ್ಯ ಕೊಟ್ಟು ಬರುತ್ತಿದ್ದರು. ಆ ತಾಯಂದಿರು ಬಣ್ಣದ ಪೆಟ್ಟಿಗೆ ಹಿಡಿದು ಮಧ್ಯಾಹ್ನದ ಬಸ್ಸಿಗೆ ಇಳಿದು, ಒಂದೇ ಒಂದು ತಾಲೀಮು ನೋಡಿಕೊಂಡು, ಮಾತು ಮರೆಯುವ ನಮ್ಮ ಹುಡುಗರನ್ನೂ ಸಂಭಾಳಿಸುತ್ತ ಬೆಳಗಿನವರೆಗೆ ಅಭಿನಯಿಸುತ್ತಿದ್ದರು. ವೃತ್ತಿ ರಂಗಭೂಮಿಯಲ್ಲಿ ನಮ್ಮೂರಿನ ಹೆಸರನ್ನು ನಿಲ್ಲಿಸಿದ ರಹಿಮಾನವ್ವ ಕಲ್ಮನಿಯವರಂಥವರನ್ನು ಕಂಡ ಊರು ನಮ್ಮದು. ನಟಿಯ ದುಡಿಮೆ ಎಷ್ಟು ಕಠಿಣವೆಂಬುದನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದಂಥ ಕಂಪನಿಗಳು ಊರಿಂದೂರಿಗೆ ಕ್ಯಾಂಪು ಮಾಡುತ್ತಿದ್ದ ಕಾಲದಲ್ಲಿ ಪ್ರೇಕ್ಷಕ ಟಿಕೀಟು ಕೊಂಡು ಒಳಗೆ ಹೋಗುತ್ತಿದ್ದ. ನೆಲದ ಮೇಲೆ ಕುಳಿತವನಿಗೂ ತಾನು ಹಣ ಕೊಟ್ಟಿದ್ದೇನೆಂಬ ಅಧಿಕಾರವಿತ್ತು. ಪರದೆ ಏಳುವುದು ತಡವಾದರೆ ಸಿಳ್ಳು ಹಾಕುತ್ತಿದ್ದ. ಆ ಸಿಳ್ಳಿನ ಭಯದಿಂದ ಮಾಲೀಕನು ಹೊತ್ತಿಗೆ ಸರಿಯಾಗಿ ನಾಟಕ ಆರಂಭಿಸುತ್ತಿದ್ದ. ಈಗಿನ ನಮ್ಮ ಕಾರ್ಯಕ್ರಮಗಳು ಉಚಿತ. ಉಚಿತವಾದ್ದರಿಂದ ಕೇಳುಗನಿಗೆ ಸಿಳ್ಳು ಹಾಕುವ ಹಕ್ಕಿಲ್ಲ; ಎದ್ದು ಹೋಗುವ ಹಕ್ಕು ಮಾತ್ರ ಉಳಿದಿದೆ. ಅದನ್ನು ಅವನು ಧಾರಾಳವಾಗಿ ಬಳಸುತ್ತಿದ್ದಾನೆ.

ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭದಲ್ಲಿ ತತ್ವಪದ ಹಾಡುವ ವೃದ್ಧರೊಬ್ಬರನ್ನು ಸಂಜೆ ಏಳಕ್ಕೆ ಬರಹೇಳಿ ರಾತ್ರಿ ಹನ್ನೊಂದೂವರೆಗೆ ವೇದಿಕೆಗೆ ಕರೆದರು. ಅಷ್ಟರಲ್ಲಿ ಮುಂದಿನ ಸಾಲಿನ ಗಣ್ಯರು ಊಟಕ್ಕೆ ಎದ್ದಿದ್ದರು, ಹೆಣ್ಣುಮಕ್ಕಳು ಮನೆ ಸೇರಿದ್ದರು, ಕುರ್ಚಿಯವನು ಹಿಂದಿನ ಸಾಲಿನಿಂದ ಕುರ್ಚಿ ಮಡಚುತ್ತ ಬರುತ್ತಿದ್ದ. ಅವರು ಎರಡು ಪದ ಹಾಡಿದರು. ಒಂದು ಶಾಲು, ಒಂದು ತೆಂಗಿನಕಾಯಿ ಕೊಟ್ಟು ಕಳುಹಿಸಿದರು. ಕೊನೆಯ ಬಸ್ಸು ಹೋಗಿತ್ತು. ಆ ರಾತ್ರಿ ಅವರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಲಗಿದರೆಂದು ಮರುದಿನ ತಿಳಿಯಿತು. ಅದೇ ಸಮಾರಂಭದಲ್ಲಿ ಶಾಮಿಯಾನದವನಿಗೆ, ಮೈಕಿನವನಿಗೆ, ಬ್ಯಾನರಿನವನಿಗೆ ಮುಂಗಡ ಸಂದಾಯವಾಗಿತ್ತು. ಮುಂಗಡವಿಲ್ಲದೆ ಅವರು ಬರುವುದಿಲ್ಲ. ಕಲಾವಿದ ಮಾತ್ರ ‘ನಮ್ಮವರೇ’. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ತರಗತಿಯಲ್ಲಿ ಕೊಡಲಾರದೆ ಹೋದೆ.

ಇದಕ್ಕೆ ಸಂಘದ ಪದಾಧಿಕಾರಿಗಳು ಹೇಳುವ ಸಮಾಧಾನವೂ ಇದೆ. ಅದನ್ನು ತಳ್ಳಿಹಾಕುವಂತಿಲ್ಲ. ‘ಸರ್, ದೇಣಿಗೆ ಕೊಟ್ಟವರನ್ನು ವೇದಿಕೆಗೆ ಕರೆಯದಿದ್ದರೆ ಮುಂದಿನ ವರ್ಷ ಅವರು ಕೊಡುವುದಿಲ್ಲ. ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಟ್ಟರೆ ಊರಲ್ಲಿ ಎರಡು ಪಕ್ಷವಾಗುತ್ತದೆ. ಗಣ್ಯರು ಬಂದರೆ ಜನ ಬರುತ್ತಾರೆ’ ಎನ್ನುತ್ತಾರೆ. ಮೊದಲ ಎರಡು ಮಾತುಗಳಲ್ಲಿ ಹುರುಳಿದೆ. ಸಣ್ಣ ಊರಿನಲ್ಲಿ ಸಂಘ ನಡೆಸುವುದು ಕತ್ತಿಯ ಮೇಲಿನ ನಡಿಗೆ. ದಾನಿಯನ್ನು ಸ್ಮರಿಸಬೇಕಾದದ್ದು ಧರ್ಮವೂ ಹೌದು. ಆದರೆ ಸ್ಮರಣೆಗೆ ವೇದಿಕೆಯೇ ಏಕೆ? ಬಾಗಿಲಲ್ಲಿ ಒಂದು ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆಯಿಸಿ, ಮುಂದಿನ ಸಾಲಿನಲ್ಲಿ ಕುಟುಂಬ ಸಮೇತ ಕೂರಿಸಿದರೆ ಅವರೂ ಕಾರ್ಯಕ್ರಮ ನೋಡಿದಂತಾಗುತ್ತದೆ. ಮೂರು ತಾಸು ಬೆಳಕಿನ ಎದುರು ಬೆವರೊರೆಸಿಕೊಳ್ಳುತ್ತ ಕುಳಿತವರ ಮುಖವನ್ನು ನೋಡಿದರೆ, ಅನೇಕ ಗಣ್ಯರಿಗೂ ಈ ಶಿಕ್ಷೆ ಬೇಡವಾಗಿದೆಯೆಂದೇ ನನಗೆ ತೋರುತ್ತದೆ.

ಮೂರನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಜನ ಗಣ್ಯರಿಗಾಗಿ ಬರುವುದಿಲ್ಲ, ಸತ್ವಕ್ಕಾಗಿ ಬರುತ್ತಾರೆ. ಗದಗಿನ ತೋಂಟದಾರ್ಯ ಮಠಕ್ಕೆ 1974ರಲ್ಲಿ ಪೀಠಾಧಿಪತಿಗಳಾಗಿ ಬಂದ ಸಿದ್ಧಲಿಂಗ ಸ್ವಾಮಿಗಳು ವಾರವಾರವೂ ಶಿವಾನುಭವ ನಡೆಸಿಕೊಂಡು ಬಂದರು. ವಾರಕ್ಕೊಂದು ವಿಷಯ, ವಿಷಯಕ್ಕೊಬ್ಬ ಉಪನ್ಯಾಸಕ. ಅವರು 2018ರಲ್ಲಿ ಲಿಂಗೈಕ್ಯರಾಗುವವರೆಗೆ ನಾಲ್ಕು ದಶಕಗಳ ಕಾಲ ಗದಗಿನ ಜನ ಅಲ್ಲಿ ಕೇಳುವುದನ್ನು ಕಲಿತರು. ಬೆಂಗಳೂರಿನಲ್ಲಿ ಡಿ.ವಿ.ಜಿ.ಯವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದು ಜನರು ಕುಳಿತು ವಿಚಾರ ಮಾಡಲೆಂದು. ನಾಟಕದ ಮಾತಿಗೆ ಬಂದರೆ, 1949ರಲ್ಲಿ ಹೆಗ್ಗೋಡೆಂಬ ಹಳ್ಳಿಯಲ್ಲಿ ಹುಟ್ಟಿದ ನೀನಾಸಮ್ 1985ರಲ್ಲಿ ತಿರುಗಾಟವನ್ನು ಆರಂಭಿಸಿತು. ಸಾಣೇಹಳ್ಳಿಯ ಶಿವಸಂಚಾರ 1997ರಲ್ಲಿ ಹೊರಟಿತು. ಊರೂರಿನ ಸಣ್ಣ ಸಂಘಗಳೇ ಜವಾಬ್ದಾರಿ ಹೊತ್ತು ಈ ತಂಡಗಳನ್ನು ಕರೆಸಿಕೊಳ್ಳುತ್ತ ಬಂದಿವೆ. ಇವೆಲ್ಲವುಗಳಲ್ಲಿ ಸಮಾನವಾದ ಗುಣವೊಂದಿದೆ: ಬರುವ ಜನಕ್ಕೆ ಈ ಹೊತ್ತು ಏನು ಸಿಗುತ್ತದೆಂಬುದು ಮೊದಲೇ ಗೊತ್ತಿರುತ್ತದೆ.

ನಮ್ಮ ಊರಿನ ಸಂಘಗಳು ಏನು ಮಾಡಬಹುದು? ನಲವತ್ತು ವರ್ಷ ವೇಳಾಪಟ್ಟಿ ಬರೆದವನ ಚಾಳಿಯಿಂದ ಕೆಲವನ್ನು ಸೂಚಿಸುತ್ತೇನೆ. ವೇದಿಕೆಯ ಮೇಲೆ ಐದು ಕುರ್ಚಿಗಳಿಗಿಂತ ಹೆಚ್ಚು ಬೇಡ. ಔಪಚಾರಿಕ ವಿಧಿಗಳೆಲ್ಲ ಅರ್ಧ ತಾಸಿನಲ್ಲಿ ಮುಗಿಯಲಿ. ಉಪನ್ಯಾಸಕರಿಗೆ ನಲವತ್ತು ನಿಮಿಷ, ಅದರ ಬೆನ್ನಿಗೆ ಇಪ್ಪತ್ತು ನಿಮಿಷ ಸಭಿಕರ ಪ್ರಶ್ನೆಗಳು. ಚಹಾದಂಗಡಿಯ ಸಂವಾದ ಶಾಮಿಯಾನದೊಳಕ್ಕೆ ಬರಲಿ. ಸನ್ಮಾನ ಮಾಡಲೇಬೇಕೆಂದಿದ್ದರೆ ವರ್ಷಕ್ಕೊಂದು ದಿನ ಅದಕ್ಕೇ ಮೀಸಲಿಟ್ಟು, ಸನ್ಮಾನಿತರ ಕೆಲಸವನ್ನು ಜನರಿಗೆ ಸರಿಯಾಗಿ ತಿಳಿಸಿ ಮಾಡಿರಿ. ಶಾಲಿನ ತೂಕ ಆಗ ಹೆಚ್ಚುತ್ತದೆ.

ಕಲಾವಿದರ ಸಂಭಾವನೆಯನ್ನು ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲಿ ಬರೆಯಿರಿ. ಹಣ ಕಡಿಮೆ ಬಿದ್ದರೆ ಶಾಮಿಯಾನ ಚಿಕ್ಕದಾಗಲಿ, ಬೆಳದಿಂಗಳು ಇದ್ದೇ ಇದೆ. ಹತ್ತೋ ಇಪ್ಪತ್ತೋ ರೂಪಾಯಿ ಪ್ರವೇಶ ಶುಲ್ಕವಿಟ್ಟರೆ ಜನ ಬಾರರೆಂಬ ಭಯವೂ ಬೇಡ. ಟಿಕೀಟು ತೆಗೆಸಿ ನಾಟಕ ನೋಡಿದ ಪರಂಪರೆ ನಮ್ಮದು. ಬಡವರಿಗೆ, ಮಕ್ಕಳಿಗೆ ಬಿಟ್ಟುಕೊಡಿ, ಉಳಿದವರಿಂದ ಪಡೆಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು, ರಾತ್ರಿ ಒಂಬತ್ತಕ್ಕೆ ಎಲ್ಲವೂ ಮುಗಿಯಬೇಕು. ಇದನ್ನು ನಾನು ಹೆಣ್ಣುಮಕ್ಕಳಿಗಾಗಿ ಹೇಳುತ್ತಿದ್ದೇನೆ. ಗಣ್ಯರ ಭಾಷಣದ ಹೊತ್ತಿಗೆ ಸಭೆಯನ್ನು ತುಂಬಿದವರು ಅವರು; ಹಾಡೋ ನಾಟಕವೋ ಆರಂಭವಾಗುವ ಹೊತ್ತಿಗೆ ಅಡುಗೆ, ಮಕ್ಕಳ ನಿದ್ದೆ, ಕತ್ತಲದ ದಾರಿ ಎಂದು ಏಳಲೇಬೇಕಾದವರೂ ಅವರೇ. ನೀರಸವಾದ ಭಾಗ ಅವರ ಪಾಲಿಗೆ, ಸರಸವಾದ ಭಾಗ ಗಂಡಸರ ಪಾಲಿಗೆ. ಬೇಕೆಂದು ಮಾಡಿದ ಅನ್ಯಾಯವಲ್ಲವಾದರೂ ಇದು ಅನ್ಯಾಯವೇ. ಪಾಠದ ಹೊರಗಿನ ಒಂದು ಮಾತನ್ನು ಕೇಳಲು ಹಂಬಲಿಸುವ ಎಷ್ಟೋ ಹುಡುಗಿಯರನ್ನು ತರಗತಿಯಲ್ಲಿ ಕಂಡಿದ್ದೇನೆ. ಅವರಿಗೆ ಹೊರಗಿನ ಲೋಕ ಬಂದು ತಲುಪುವ ಬಾಗಿಲು ಅನೇಕ ಸಲ ಊರಿನ ಈ ವೇದಿಕೆ ಒಂದೇ.

ಅತಿಥಿಗಳನ್ನು ದೂರದಿಂದಲೇ ತರಬೇಕೆಂದೂ ಇಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಜೀವಮಾನವಿಡೀ ತೊಗಲುಗೊಂಬೆಯಾಟ ಆಡಿಸಿ, ಹೊರದೇಶಗಳಲ್ಲಿಯೂ ಪ್ರದರ್ಶನ ಕೊಟ್ಟವರು. 2025ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ತೊಂಬತ್ತು ದಾಟಿತ್ತು. ದೆಹಲಿ ಗುರುತಿಸಿದ ಮೇಲೆ ಹಾರ ಹಿಡಿದು ಓಡುವುದರಲ್ಲಿ ದೊಡ್ಡತನವಿಲ್ಲ. ಇಂಥವರ ಮಕ್ಕಳು ಮೊಮ್ಮಕ್ಕಳು ಆಡಿಸುವ ಆಟಕ್ಕೆ ಇಂದೇ ವೀಳ್ಯ ಕೊಡುವುದರಲ್ಲಿದೆ. ನಮ್ಮೂರ ನವಲಿಂಗ ದೇವಾಲಯದ ಬಗ್ಗೆ, ಪಕ್ಕದ ಇಟಗಿಯಲ್ಲಿ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯದ ಬಗ್ಗೆ ಶಾಸನ ಬಲ್ಲ ಒಬ್ಬರನ್ನು ಕರೆಸಿ, ಆ ಗುಡಿಯ ಅಂಗಳದಲ್ಲಿಯೇ ಒಂದು ಸಂಜೆ ಮಾತನಾಡಿಸಬಾರದೇಕೆ? 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಕುಷ್ಟಗಿಯವರೆಗೆ ರೈಲು ಆರಂಭವಾಗಿ, ಕುಕನೂರಿಗೂ ನಿಲ್ದಾಣವಾಗಿದೆ. ವಿದ್ವಾಂಸರನ್ನು ಕರೆಸುವುದು ನಮ್ಮ ಕಾಲದಷ್ಟು ಪ್ರಯಾಸದ ಕೆಲಸವಾಗಿ ಉಳಿದಿಲ್ಲ.

ನಿಮ್ಮಲ್ಲಿ ಅನೇಕರು ಈಗ ಬೆಂಗಳೂರು, ಪುಣೆ, ಹೊರದೇಶಗಳ ಕನ್ನಡ ಸಂಘಗಳಲ್ಲಿ ಹೊಣೆ ಹೊತ್ತಿದ್ದೀರಿ. ಅಲ್ಲಿಯೂ ಕುರ್ಚಿಗಳ ಸಾಲು ಬೆಳೆಯುತ್ತಿದೆಯೆಂದು ಕೇಳಿದ್ದೇನೆ. ಮುಂದಿನ ಕಾರ್ಯಕ್ರಮದ ದಿನ ನೀವು ವೇದಿಕೆಯಿಂದ ಕೆಳಗಿಳಿದು, ಕೊನೆಯ ಸಾಲಿನ ಕುರ್ಚಿಯಲ್ಲಿ ಅರ್ಧ ತಾಸು ಸುಮ್ಮನೆ ಕುಳಿತು ನೋಡಿರಿ. ಪಕ್ಕದಲ್ಲಿ ಕುಳಿತವರು ಏನು ಬಯಸಿ ಬಂದಿದ್ದಾರೆ, ಏನನ್ನು ಪಡೆದು ಹೋಗುತ್ತಿದ್ದಾರೆ ಎಂಬುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.