ಹೊಸ ತಳಿಗೆ ತಕ್ಕ ಲಸಿಕೆ ಬರಲಿ



ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯಿಂದ. ಆ ಬಳಿಕ ವೈರಾಣು ಬದಲಾದರೂ ನಮಗೆ ಹಾಕಿದ ಲಸಿಕೆ ಬದಲಾಗಲಿಲ್ಲ. ಮುನ್ನೆಚ್ಚರಿಕೆ ಡೋಸ್ ಎಂದು 2022ರಲ್ಲಿ ಹಾಕಿದ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡೂ ಆರಂಭದ ವೈರಾಣುವಿಗೆ ತಯಾರಾದವು. ವೈರಾಣು ಆಗಲೇ ಓಮೈಕ್ರಾನ್ ಆಗಿತ್ತು, ಮುಂದೆ ಅದರದೇ ಉಪತಳಿ ಜೆಎನ್.1 ಆಯಿತು.

ಓಮೈಕ್ರಾನ್‌ಗೆಂದೇ ಪುಣೆಯ ಜೆನ್ನೋವಾ ರೂಪಿಸಿದ ಜೆಮ್ಕೊವ್ಯಾಕ್-ಓಎಂ 2023ರ ಜೂನ್‌ನಲ್ಲಿ ಬಿಡುಗಡೆಯಾಯಿತು. ಸೂಜಿ ಬೇಡ, 2ರಿಂದ 8 ಡಿಗ್ರಿ ತಂಪು ಸಾಕು. ಚಿಂಚೋಳಿಯ ತಾಂಡಾಗಳಿಗೂ ಐಸ್ ಬಾಕ್ಸ್‌ನಲ್ಲಿ ಒಯ್ಯಬಹುದು. ಅಂಥ ಲಸಿಕೆ ಮಾಡಬಲ್ಲ ದೇಶ ಅದನ್ನು ಇಂದಿನ ತಳಿಗೆ ಪರಿಷ್ಕರಿಸಲಿ.

ಶಹಾಬಾದ್, ಚಿತ್ತಾಪುರದ ಫರ್ಸಿ ಗಣಿಗಳಲ್ಲಿ ದೂಳು ಕುಡಿದು ದಮ್ಮು ಹತ್ತಿದವರಿಗೆ, ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಆ ಪರಿಷ್ಕೃತ ಲಸಿಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡಬೇಕು. ಮನೆಮನೆ ಬಲ್ಲ ಆಶಾ ಕಾರ್ಯಕರ್ತೆಯರಿಂದ ಇಂಥವರ ಪಟ್ಟಿಯನ್ನು ಸರ್ಕಾರ ಈಗಲೇ ಮಾಡಿಸಲಿ.

– ಓದುಗ, ಚಿತ್ತಾಪುರ ತಾಲ್ಲೂಕು