ಮಿಲ್‌ಸ್ಟೀನರ ಜೀವಕೋಶವೂ ಸಾರ್ವಜನಿಕರ ಹಣವೂ

ವಾಣಿಜ್ಯಶಾಸ್ತ್ರದ ಪದವೀಧರನಾದ ನಾನು ಜೀವವಿಜ್ಞಾನದ ವಿಷಯವಾಗಿ ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ನಮ್ಮ ಸಂಘದ ವೈದ್ಯ ಮಿತ್ರರು ಭಾವಿಸಬಹುದು. ಆದರೆ ಈ ಕಥೆಯ ನಡುವೆ ಕಚೇರಿಯ ಒಂದು ಪತ್ರವಿದೆ. ಕಚೇರಿಯ ಪತ್ರಗಳನ್ನು ಕುರಿತು ನಾಲ್ಕು ಮಾತು ಹೇಳುವ ಅಧಿಕಾರ ಬ್ಯಾಂಕಿನ ಅಧಿಕಾರಿಯಾದ ನನಗೆ ಇದ್ದೀತು.

ಸೀಸರ್ ಮಿಲ್‌ಸ್ಟೀನ್ 1927ರಲ್ಲಿ ಅರ್ಜೆಂಟೀನದ ಬಹಿಯಾ ಬ್ಲಾಂಕಾದಲ್ಲಿ ಜನಿಸಿದವರು. 1962ರ ಸೈನಿಕ ಕ್ರಾಂತಿಯ ತರುವಾಯ ಅಲ್ಲಿನ ವಿಜ್ಞಾನಿಗಳಿಗೆ ರಾಜಕೀಯ ಕಿರುಕುಳ ತಗುಲಿದಾಗ ಹುದ್ದೆಯನ್ನು ತ್ಯಜಿಸಿ, ಇಂಗ್ಲೆಂಡಿನ ಕೇಂಬ್ರಿಜ್‌ಗೆ ಬಂದು ನೆಲೆಸಿದರು. ಅಲ್ಲಿ ಅವರು ಕೆಲಸ ಮಾಡಿದ ಮೆಡಿಕಲ್ ರಿಸರ್ಚ್ ಕೌನ್ಸಿಲಿನ ಪ್ರಯೋಗಾಲಯ ಬ್ರಿಟಿಷ್ ಪ್ರಜೆಗಳ ತೆರಿಗೆಯ ಹಣದಿಂದ ನಡೆಯುತ್ತಿದ್ದಿತು. ದೇಹವನ್ನು ಹೊಕ್ಕ ರೋಗಾಣುಗಳನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳು ಇಷ್ಟೊಂದು ಬಗೆಯವಾಗಿ ಹುಟ್ಟುವುದು ಹೇಗೆ ಎಂಬುದೇ ಅವರನ್ನು ಕಾಡಿದ ಪ್ರಶ್ನೆ. ಔಷಧಿ ತಯಾರಿಸುವ ಉದ್ದೇಶ ಅವರಿಗಿರಲಿಲ್ಲ.

ಪ್ರತಿಕಾಯವೆಂಬುದು ಒಂದು ಪ್ರೋಟೀನು. ಅದನ್ನು ತಯಾರಿಸುವ ಜೀವಕೋಶದೊಳಗೆ ಪೊರೆಗಳ ಮಡಿಕೆಗಳಿವೆ. ತಯಾರಾದ ಪ್ರೋಟೀನು ಪೊರೆಯದೇ ಪುಟ್ಟ ಚೀಲಗಳಲ್ಲಿ ತುಂಬಿಕೊಂಡು, ಒಂದು ಕೊಠಡಿಯಿಂದ ಇನ್ನೊಂದಕ್ಕೆ ಸಾಗಿ, ಕೊನೆಗೆ ಹೊರಪೊರೆಯನ್ನು ಸೇರಿ ಹೊರಬೀಳುತ್ತದೆ. ಸರಿಯಾದ ಸರಕು ಸರಿಯಾದ ಚೀಲವನ್ನು ಸೇರುವುದಾದರೂ ಹೇಗೆ? 1972ರಲ್ಲಿ ಮಿಲ್‌ಸ್ಟೀನರೂ ಅವರ ಸಹೋದ್ಯೋಗಿಗಳೂ ಒಂದು ಸಂಗತಿಯನ್ನು ಕಂಡರು. ಪ್ರತಿಕಾಯದ ಕಿರಿಯ ಸರಪಳಿ ಮೊದಲು ಹುಟ್ಟುವಾಗ ಅದರ ಮುಂಭಾಗದಲ್ಲಿ ಒಂದು ಹೆಚ್ಚಿನ ತುಂಡಿರುತ್ತದೆ, ಮುಂದೆ ಅದು ಕತ್ತರಿಸಿ ಹೋಗುತ್ತದೆ. ಲಕೋಟೆಯ ಮೇಲಿನ ವಿಳಾಸದಂತೆ ಅದು ಸರಕನ್ನು ಪೊರೆಯತ್ತ ಕಳುಹಿಸುತ್ತಿರಬಹುದೆಂದು ಅವರು ಊಹಿಸಿದರು. ಇದೇ ವಿಚಾರವನ್ನು ನ್ಯೂಯಾರ್ಕಿನಲ್ಲಿ ಬೆಳೆಸಿ ಸ್ಥಾಪಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂದಿತು. ಚೀಲಗಳ ಸಂಚಾರದ ರಹಸ್ಯವನ್ನು ಬಿಡಿಸಿದ ಮೂವರಿಗೆ 2013ರಲ್ಲಿ ಅದೇ ಗೌರವ ಸಂದಿತು. ಅವರಲ್ಲೊಬ್ಬರಾದ ರ‍್ಯಾಂಡಿ ಶೆಕ್‌ಮನ್ ಇದನ್ನು ಕಲಿತದ್ದು ಬ್ರೆಡ್ಡು ಉಬ್ಬಿಸುವ ಯೀಸ್ಟಿನಿಂದ!

ರಕ್ತದಲ್ಲಿ ನಾನಾ ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. ಒಂದೇ ಬಗೆ ಬೇಕೆಂದರೆ ಒಂದೇ ಜೀವಕೋಶದ ಸಂತತಿ ಬೇಕು. ಆದರೆ ಅಂಥ ಕೋಶ ಗಾಜಿನ ಪಾತ್ರೆಯಲ್ಲಿ ಬಹುಕಾಲ ಬದುಕದು. 1974ರಲ್ಲಿ ಮಿಲ್‌ಸ್ಟೀನರ ಬಳಿಗೆ ಬಂದ ಜರ್ಮನ್ ತರುಣ ಗೆಯೋರ್ಗ್ ಕೋಹ್ಲರ್, ಕುರಿಯ ಕೆಂಪು ರಕ್ತಕಣಗಳನ್ನು ಚುಚ್ಚಿದ್ದ ಇಲಿಯ ಗುಲ್ಮದ ಕೋಶಗಳನ್ನು, ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶಗಳೊಡನೆ ಬೆಸೆದರು. ಬೆಸೆದವುಗಳನ್ನು ಒಂದೊಂದಾಗಿ ಬೇರ್ಪಡಿಸಿ ಬೆಳೆಸಲಾಯಿತು. ಒಂದು ಕೋಶದ ಆ ಸಂತತಿ ಒಂದೇ ಪ್ರತಿಕಾಯವನ್ನು ಎಡೆಬಿಡದೆ ಸ್ರವಿಸತೊಡಗಿತು.

ಇನ್ನು ಆ ಪತ್ರದ ವಿಷಯ. ಸಂಶೋಧನೆ ಪ್ರಕಟವಾಗುವ ಮುನ್ನವೇ ಮಿಲ್‌ಸ್ಟೀನರು ಮೇಲಿನವರಿಗೆ ತಿಳಿಸಿದ್ದರು. ಪೇಟೆಂಟ್ ಪಡೆಯುವ ಹೊಣೆ ಬ್ರಿಟಿಷ್ ಸರ್ಕಾರದ ಒಂದು ನಿಗಮದ್ದಾಗಿತ್ತು. ಲೇಖನ 1975ರ ಆಗಸ್ಟಿನಲ್ಲಿ ಅಚ್ಚಾಯಿತು, ನಿಗಮದ ಉತ್ತರ ಬಂದದ್ದು 1976ರಲ್ಲಿ. ವಾಣಿಜ್ಯದ ದೃಷ್ಟಿಯಿಂದ ಇದರಲ್ಲಿ ಸದ್ಯಕ್ಕೆ ಯಾವ ಪ್ರಯೋಜನವನ್ನೂ ಗುರುತಿಸಲಾಗದು ಎಂಬುದು ಅದರ ಸಾರಾಂಶ. 1984ರಲ್ಲಿ ಮಿಲ್‌ಸ್ಟೀನ್ ಮತ್ತು ಕೋಹ್ಲರರಿಗೆ ನೀಲ್ಸ್ ಯೆರ್ನೆ ಅವರೊಡನೆ ನೊಬೆಲ್ ದೊರೆಯಿತು. ಇಂದು ಗರ್ಭಪರೀಕ್ಷೆಯ ಪಟ್ಟಿಯಲ್ಲಿ, 2020ರಿಂದ ನಾವೆಲ್ಲ ಕಂಡ ಕೋವಿಡ್ ಆಂಟಿಜೆನ್ ಪರೀಕ್ಷೆಯಲ್ಲಿ, ಕ್ಯಾನ್ಸರಿನ ಚುಚ್ಚುಮದ್ದುಗಳಲ್ಲಿ ಇರುವುದು ಅದೇ ವಿದ್ಯೆ.

ಆ ಪತ್ರ ಬರೆದ ಅಧಿಕಾರಿಯನ್ನು ಮೂರ್ಖನೆಂದು ಹಲವರು ಆಡಿಕೊಂಡಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರ ಕುರ್ಚಿಯಲ್ಲಿ ಕುಳಿತಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಆದಾಯವೆಷ್ಟು, ಎಂದಿನಿಂದ, ಭದ್ರತೆಯೇನು ಎಂದು ಕೇಳುವುದೇ ನನ್ನ ವೃತ್ತಿ. ಸಾಲದ ಅರ್ಜಿಗೆ ಆ ಪ್ರಶ್ನೆಗಳು ತಕ್ಕವು. ಕುರಿಯ ರಕ್ತಕಣ, ಇಲಿಯ ಗುಲ್ಮ, ಯೀಸ್ಟಿನ ಪೊರೆ ಇವುಗಳಿಗೆ ಅದೇ ಅಳತೆಗೋಲನ್ನು ಹಿಡಿದರೆ ಒಂದೂ ಮಂಜೂರಾಗದು. ಅದೃಷ್ಟವಶಾತ್ ಕೇಂಬ್ರಿಜ್‌ನಲ್ಲಿ ಹಣ ಮಂಜೂರು ಮಾಡಿದವರು ನನ್ನಂಥವರಲ್ಲ. ಉಪಯೋಗದ ಖಾತರಿಯಿಲ್ಲದ ಪ್ರಶ್ನೆಗಳಿಗಾಗಿ ನಮ್ಮ ಸರ್ಕಾರವೂ ಪ್ರತಿವರ್ಷ ಒಂದು ಮೊತ್ತವನ್ನು ತೆಗೆದಿಡಬೇಕು, ಅದರ ಲೆಕ್ಕವನ್ನು ಪ್ರಾಮಾಣಿಕತೆಯ ಮಟ್ಟಿಗೆ ತಪಾಸಣೆ ಮಾಡಬೇಕೇ ಹೊರತು ಲಾಭದ ಮಟ್ಟಿಗಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪೇಟೆಂಟ್ ಕೈತಪ್ಪಿದ್ದು ನಷ್ಟವೇ? ವಿದ್ಯೆ ಮುಕ್ತವಾಗಿದ್ದುದರಿಂದ ಅದು ಲೋಕದ ಪ್ರಯೋಗಾಲಯಗಳಿಗೆ ಬೇಗ ಹರಡಿತೆಂಬುದೇನೋ ನಿಜ. ಆದರೆ ಅದರ ಮೇಲೆ ಕಟ್ಟಿದ ಔಷಧಿಗಳಿಗೆ ಖಾಸಗಿ ಕಂಪನಿಗಳು ಪೇಟೆಂಟ್ ಪಡೆದು ಬೆಲೆ ಕಟ್ಟಿದವು. ಪ್ರಯೋಗಾಲಯವೂ ಪಾಠ ಕಲಿಯಿತು. ಇಲಿಯ ಪ್ರತಿಕಾಯವನ್ನು ಮನುಷ್ಯನಿಗೆ ಒಗ್ಗಿಸುವ ವಿಧಾನವನ್ನು ಅಲ್ಲಿಯೇ ಗ್ರೆಗ್ ವಿಂಟರ್ 1986ರಲ್ಲಿ ಪ್ರಕಟಿಸಿದರು, ಅದಕ್ಕೆ ಪೇಟೆಂಟ್ ಪಡೆಯಲಾಯಿತು. ಆ ರಾಯಧನದ ಒಂದು ಪಾಲಿನಿಂದಲೇ 2013ರಲ್ಲಿ ಹೊಸ ಕಟ್ಟಡ ಎದ್ದಿತು. ಸಾರ್ವಜನಿಕ ಸಂಸ್ಥೆ ಹಕ್ಕು ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಹಕ್ಕನ್ನು ಕಂಪನಿಗೆ ಕೊಡುವಾಗ ಔಷಧಿಯ ಬೆಲೆಗೊಂದು ಮಿತಿಯನ್ನು ಕರಾರಿನಲ್ಲಿ ಬರೆಸಬೇಕು.

ಇದನ್ನು ಹೇಳಲು ಕಾರಣವಿದೆ. ಸ್ತನ ಕ್ಯಾನ್ಸರಿನ ಒಂದು ಬಗೆಗೆ ಕೊಡುವ ಟ್ರಾಸ್ಟುಜುಮಾಬ್ ಇಂಥದೇ ಪ್ರತಿಕಾಯ. ಅಮೆರಿಕದಲ್ಲಿ 1998ರಲ್ಲಿ ಅನುಮತಿ ಪಡೆದ ಅದು ನಮ್ಮ ಮಧ್ಯಮ ವರ್ಗದ ಕುಟುಂಬಗಳಿಗೆ ಎಟುಕುತ್ತಿರಲಿಲ್ಲ. 2013ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯ ಸಮಾನ ಔಷಧಿಗೆ ಭಾರತದಲ್ಲಿ ಅನುಮತಿ ದೊರೆತ ಮೇಲೆ ಬೆಲೆ ಇಳಿಯಿತು. ಆದರೂ ಪತ್ನಿಯ ಚುಚ್ಚುಮದ್ದಿನ ಅಂದಾಜುಪಟ್ಟಿಯನ್ನು ಲಗತ್ತಿಸಿ, ಭವಿಷ್ಯನಿಧಿಯೆಲ್ಲ ಮುಗಿಯಿತೆಂದು ತಗ್ಗಿದ ದನಿಯಲ್ಲಿ ಹೇಳುತ್ತ, ಸಾಲಕ್ಕಾಗಿ ನನ್ನೆದುರು ಕೂರುವವರು ಈಗಲೂ ಇದ್ದಾರೆ.